ಮನೆ ಅಳೆದು ದೋಣಿ ಕೊಳ್ಳಿ: ಹೊಳೆ ದಂಡೆಯ ಮಕ್ಕಳಿಗೆ ಹರಿಗೋಲಾ, ಕಯಾಕಾ?

ಹೋದ ದಸರಾ ರಜೆಯಲ್ಲಿ ಮಕ್ಕಳನ್ನು ಮಲ್ಪೆಗೆ, ನಮ್ಮ ಅಕ್ಕನ ಮನೆಗೆ ಕಳಿಸಿದ್ದೆ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ವಾಪಸ್ ಬಂದವರ ಬಾಯಲ್ಲಿ ಒಂದೇ ಮಾತು: ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಉದ್ದನೆಯ ಕಿರಿದಾದ ದೋಣಿ. ಅಕ್ಕನ ಮಕ್ಕಳು ಶಾಲೆ ಬಿಟ್ಟ ಮೇಲೆ ಹಿನ್ನೀರಿಗೆ ಇಳಿದು ಹುಟ್ಟು ಹಾಕುತ್ತಾರಂತೆ. ಕತ್ತಲಾದ ಮೇಲೆ ದೋಣಿಯನ್ನು ಎಳೆದು ತಂದು ತೆಂಗಿನ ಮರಕ್ಕೆ ಒರಗಿಸಿ ಊಟಕ್ಕೆ ಕೂರುತ್ತಾರಂತೆ. ನಮ್ಮ ಸಣ್ಣವನು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೇಳಿಯೇ ಬಿಟ್ಟ, "ಯವ್ವಾ, ನಮ್ಮೂರಾಗ ಹೊಳಿ ಇಲ್ಲೇನು?"

ಇದೆ. ನಮ್ಮದು ಗಂಗಾವತಿ ತಾಲ್ಲೂಕು, ಆನೆಗೊಂದಿ ಹತ್ತಿರದ ಹಳ್ಳಿ. ಮನೆಯಿಂದ ತುಂಗಭದ್ರೆಗೆ ಹತ್ತು ನಿಮಿಷದ ನಡಿಗೆ, ಸಣಾಪುರ ಕೆರೆಗೆ ಬೈಕಿನಲ್ಲಿ ಅಷ್ಟೇ ಹೊತ್ತು. ನೀರಿಗೆ ಬರವಿಲ್ಲ. ಆದರೆ ಯಾವ ದೋಣಿ ಕೊಳ್ಳಬೇಕು ಅಂತ ತೀರ್ಮಾನಿಸಲು ಹಲವು ತಿಂಗಳು ಹಿಡಿಯಿತು. ನಡುವೆ ಒಂದು ಗೋಡೆ ಕಿತ್ತುಹೋಯಿತು, ಇನ್ನೊಂದು ಗೋಡೆಗೆ ಡಾಂಬರು ಮೆತ್ತಿತು. ಅದನ್ನೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನೀರಿನ ಮೇಲೆ ಯಾವುದು ಚಂದ ಓಡುತ್ತದೆ ಅಂತ ನೋಡಿ ದೋಣಿ ಕೊಳ್ಳಬೇಡಿ. ನಮ್ಮ ಮಕ್ಕಳು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಎರಡು ತಾಸು ನೀರಲ್ಲಿರುತ್ತಾರೆ. ಉಳಿದ ಹೊತ್ತೆಲ್ಲ ದೋಣಿ ಇರುವುದು ಮನೆಯಲ್ಲಿ. ಅದೂ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ. ಆದ್ದರಿಂದ ಟೇಪು ಹಿಡಿದು ಮೊದಲು ಮನೆ ಅಳೆಯಿರಿ.

ಹರಿಗೋಲು

ನಮ್ಮ ಹೊಳೆಯ ಸ್ವಂತ ದೋಣಿ ಇದು. ಕೆಲವರು ತೆಪ್ಪ ಅಂತಾರೆ, ರಾಯಚೂರು ಕಡೆ ಪುಟ್ಟಿ ಅಂದರೂ ತಿಳಿಯುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹೊಳೆಯಲ್ಲಿ ಬುಟ್ಟಿಯ ಹಾಗೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ನೋಡಿದ್ದ. ಹದಿನೈದಿಪ್ಪತ್ತು ಜನ ಕೂರಬಹುದು, ಹುಟ್ಟು ಹಾಕಿದರೂ ಸುತ್ತುತ್ತಲೇ ಹೋಗುತ್ತವೆ ಅಂತ ಬರೆದಿಟ್ಟ. ಐನೂರು ವರ್ಷವಾಯಿತು. ಈಗ ಬಿದಿರಿನ ಬುಟ್ಟಿಗೆ ಚರ್ಮದ ಬದಲು ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಡಾಂಬರು. ಸುತ್ತುವುದು ಮಾತ್ರ ಬಿಟ್ಟಿಲ್ಲ.

ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಅಗಲ ಜಾಸ್ತಿ, ತಳ ಚಪ್ಪಟೆ. ಎಲ್ಲರೂ ಒಂದೇ ಕಡೆ ವಾಲದಿದ್ದರೆ ಮಗುಚುವ ಭಯ ಕಡಿಮೆ. ಅಪ್ಪನೋ ಅವ್ವನೋ ಪಕ್ಕದಲ್ಲೇ ಕೂತಿರಬಹುದು. ಹುಟ್ಟು ಹಾಕುವ ಕ್ರಮ ಮಾತ್ರ ಬೇರೆ. ಕಯಾಕಿನಲ್ಲಿ ಪಕ್ಕದ ನೀರನ್ನು ಹಿಂದಕ್ಕೆ ತಳ್ಳುತ್ತೀರಿ. ಹರಿಗೋಲಿನಲ್ಲಿ ಮುಂದೆ ಮಂಡಿಯೂರಿ, ಮುಂದಿರುವ ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಕು. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಲಯ ತಪ್ಪಿದರೆ ಬೀಸುವ ಕಲ್ಲಿನ ಹಾಗೆ ತಿರುಗುತ್ತದೆ. ನಮ್ಮ ಮಗ ಮೊದಲ ದಿನ ಅರ್ಧ ತಾಸು ಕೆರೆಯ ಒಂದೇ ಜಾಗದಲ್ಲಿ ಗಿರಗಿರ ತಿರುಗಿದ. ಅಂಬಿಗರ ಅಜ್ಜ ದಂಡೆಯಲ್ಲಿ ಬೀಡಿ ಹಚ್ಚಿಕೊಂಡು ನೋಡುತ್ತ ಕೂತಿದ್ದರು. ಕೊನೆಗೆ, "ತಮ್ಮಾ, ನೀರಿಗೆ ಹೊಡಿಬ್ಯಾಡ. ಹಾಲು ಕೆನಿ ಎಳದಂಗ ಎಳಿ" ಅಂದರು. ಮೂರನೇ ಭಾನುವಾರದ ಹೊತ್ತಿಗೆ ನೇರ ಹೋಗುವುದು ಬಂತು.

ಬೆಲೆ ಕಡಿಮೆ. ಒಂದು ಗಟ್ಟಿ ಕಯಾಕಿನ ದುಡ್ಡಿನಲ್ಲಿ ಹಲವು ಹರಿಗೋಲು ಬರುತ್ತವೆ. ಹರಿದರೆ ಇಲ್ಲೇ ತೇಪೆ ಹಾಕುವವರಿದ್ದಾರೆ, ಬಿಡಿಭಾಗಕ್ಕೆ ಬೆಂಗಳೂರಿಗೆ ಫೋನು ಮಾಡುವ ಕೆಲಸವಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಮನೆಯಲ್ಲಿ. ಏಳಡಿ ಅಗಲದ ದುಂಡನೆಯ ವಸ್ತು ನಮ್ಮ ಹಳೇ ಮನೆಗಳ ಬಾಗಿಲಲ್ಲಿ ಹೋಗುವುದೇ ಇಲ್ಲ. ನಾವೇ ತಲೆ ಬಗ್ಗಿಸಿ ಒಳಗೆ ಹೋಗುವ ಬಾಗಿಲು ಅದು, ಇನ್ನು ಹರಿಗೋಲು ಹೇಗೆ ಹೋದೀತು? ನಿಲ್ಲಿಸಿದರೂ ಆಗುವುದಿಲ್ಲ, ಮಲಗಿಸಿದರೂ ಆಗುವುದಿಲ್ಲ. ಹಾಗಾಗಿ ಅದು ಹೊರಗೇ ಇರಬೇಕು. ಹೊರಗಿದ್ದರೆ ಮೂರು ಶತ್ರುಗಳು: ಬಿಸಿಲು, ಗೆದ್ದಲು, ಇಲಿ. ನಾವು ಪಕ್ಕದ ಮನೆಯವರದ್ದನ್ನು ಒಂದು ತಿಂಗಳು ಇಟ್ಟುಕೊಂಡಿದ್ದೆವು. ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗಿ, ಒರಗಿಸಿದ್ದ ಸುಣ್ಣದ ಗೋಡೆಗೆ ಅಂಟಿಕೊಂಡಿತು. ಎಳೆದಾಗ ಅರ್ಧಚಂದ್ರಾಕಾರದ ಕರೀ ಪಟ್ಟಿ ಉಳಿಯಿತು. ಮೂರು ಸಲ ಸುಣ್ಣ ಬಳಿದರೂ ಕೆಳಗಿಂದ ಕಂದು ಬಣ್ಣ ಮೇಲೆ ಬರುತ್ತಲೇ ಇದೆ. ಅತ್ತೆ ಬಂದವರಿಗೆಲ್ಲ ತೋರಿಸುತ್ತಾರೆ.

ಫೈಬರ್ ಹರಿಗೋಲು ಕೂಡ ಸಿಗುತ್ತದೆ. ಡಾಂಬರಿನ ರಗಳೆ ಇಲ್ಲ, ಗೆದ್ದಲೂ ತಿನ್ನದು. ಆದರೆ ನಮ್ಮ ಹೊಳೆಯ ತುಂಬ ಬಂಡೆ. ಬಿದಿರು ಬಂಡೆಗೆ ತಾಗಿದರೆ ಬಾಗಿ ಪುಟಿಯುತ್ತದೆ, ಫೈಬರ್ ಸೀಳುತ್ತದೆ. ಕೆರೆಗೆ ಸರಿ, ಹೊಳೆಗೆ ನಾನು ಒಪ್ಪುವುದಿಲ್ಲ.

ಗಟ್ಟಿ ಪ್ಲಾಸ್ಟಿಕ್ ಕಯಾಕ್

ಎರಡು ತರಹ. ಒಂದರಲ್ಲಿ ಕಾಲು ಒಳಗೆ ತೂರಿಸಿ ಕೂರಬೇಕು. ಇನ್ನೊಂದರಲ್ಲಿ ಮೇಲೆ, ತೆರೆದ ಕುಳಿಯಲ್ಲಿ ಕೂರಬೇಕು. ಮಕ್ಕಳಿಗೆ ಎರಡನೆಯದೇ ಸರಿ. ಮಗುಚಿದರೆ ಮಗು ತಾನಾಗೇ ಹೊರಗೆ ಬೀಳುತ್ತದೆ, ದೋಣಿಯೊಳಗೆ ನೀರು ತುಂಬುವುದಿಲ್ಲ, ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಕೂರುವುದನ್ನು ಮಗುಚಿದ ಮೇಲೆ ಹೊರಬರುವುದು ಹೇಗೆಂದು ಕಲಿಸುವ ಗುರುವಿಲ್ಲದೆ ಕೊಳ್ಳಬೇಡಿ.

ಒಬ್ಬರು ಕೂರುವ ಹತ್ತಡಿಯ ಕಯಾಕ್ 20ರಿಂದ 25 ಕೆಜಿ ತೂಗುತ್ತದೆ, ಅಂದರೆ ಒಂದು ಅಕ್ಕಿ ಚೀಲದಷ್ಟು. ಅಕ್ಕಿ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡರೆ ಮುಗಿಯಿತು, ಇದು ಹತ್ತಡಿ ಉದ್ದ ಅಲ್ವಾ, ಗಾಳಿಗೆ ಓಲಾಡುತ್ತದೆ. ಎರಡು ತುದಿಗೆ ಇಬ್ಬರು ಬೇಕು. ಮಕ್ಕಳಿಗೆಂದೇ ಆರಡಿಯವೂ ಬರುತ್ತವೆ, ಹಗುರ, ಮಗುವೇ ಎಳೆದುಕೊಂಡು ಹೋಗಬಹುದು. ಆದರೆ ಹತ್ತು ವರ್ಷದವನಿಗೆ ಕೊಂಡರೆ ಹನ್ನೆರಡಕ್ಕೆ ಸಣ್ಣದಾಗುತ್ತದೆ. ತಮ್ಮನೋ ತಂಗಿಯೋ ಇದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಹುಟ್ಟಿನ ಉದ್ದ ಮರೆಯಬೇಡಿ. ದೊಡ್ಡವರ 220–230 ಸೆಂಟಿಮೀಟರಿನದ್ದನ್ನು ಮಕ್ಕಳ ಕೈಗೆ ಕೊಟ್ಟರೆ ಹತ್ತು ನಿಮಿಷಕ್ಕೆ ಭುಜ ನೋವು ಅಂತಾರೆ. ಮಕ್ಕಳಿಗೆ 180ರಿಂದ 200 ಸಾಕು. ಹಿಡಿ ತೆಳ್ಳಗಿರಲಿ. ಮಗಳಿಗೆ ದೊಡ್ಡದನ್ನು ಕೊಟ್ಟು ಮೊದಲ ವಾರ ಅವಳನ್ನೇ ಬೈದೆ. ತಪ್ಪು ಹುಟ್ಟಿನದ್ದಾಗಿತ್ತು.

ಈಗ ಮನೆಯ ವಿಷಯ. ಈ ಪ್ಲಾಸ್ಟಿಕ್ ಪಾಲಿಥಿಲೀನ್. ಬಿಸಿಲಿಗೆ ಎರಡು ರೀತಿ ಕೆಡುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದರೆ ಬಣ್ಣ ಸುಣ್ಣದ ಪುಡಿಯ ಹಾಗೆ ಕೈಗೆ ಹತ್ತಿ, ಆಮೇಲೆ ಬಿರುಕು ಬಿಡುತ್ತದೆ. ಇನ್ನೊಂದು ಒಂದೇ ಮಧ್ಯಾಹ್ನದಲ್ಲಿ ಆಗುವಂಥದ್ದು. ಎರಡು ಕಲ್ಲಿನ ಮೇಲೆ ಇಟ್ಟು ಬಿಟ್ಟರೆ, ಕಾದ ತಳ ಕಲ್ಲಿರುವಲ್ಲಿ ಒಳಕ್ಕೆ ತಗ್ಗುತ್ತದೆ. ಹಾಗೆ ತಗ್ಗಾದದ್ದು ನೇರ ಓಡುವುದಿಲ್ಲ. ಅಕ್ಕನ ಮನೆಯಲ್ಲಿ ಈ ಚಿಂತೆ ಇಲ್ಲ, ತೆಂಗಿನ ನೆರಳು ಇದೆ. ಅವರಿಗೆ ಉಪ್ಪಿನ ಚಿಂತೆ. ಪ್ರತಿ ಸಲ ಸಿಹಿನೀರಲ್ಲಿ ತೊಳೆಯದಿದ್ದರೆ ತಿರುಪು, ಕೊಂಡಿ ಎಲ್ಲ ತುಕ್ಕು. ಮತ್ತೆ ಜೂನ್, ಜುಲೈಯಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ 61 ದಿನ ರಜೆ, ಮಕ್ಕಳ ದೋಣಿಯನ್ನು ಯಾರು ನೀರಿಗೆ ಬಿಡುತ್ತಾರೆ? ಅಲ್ಲಿ ಮಳೆಗೆ ದೋಣಿ ಒಳಗೆ, ಇಲ್ಲಿ ಬಿಸಿಲಿಗೆ ದೋಣಿ ಒಳಗೆ.

ಗಾಳಿ ತುಂಬುವ ಕಯಾಕ್, ಪ್ಯಾಡಲ್ ಬೋರ್ಡ್

ಗಂಗಾವತಿ, ಕೊಪ್ಪಳ, ಹೊಸಪೇಟೆಯಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೆ ಇದೊಂದೇ ದಾರಿ. ಮಡಚಿದರೆ ದೊಡ್ಡ ಬ್ಯಾಗು, ಬಸ್ಸಿನಲ್ಲೂ ಒಯ್ಯಬಹುದು. ಬಂಡೆಗೆ ತಾಗಿದರೆ ತೂತಾಗುವ ಭಯ ಇದ್ದೇ ಇದೆ, ಆದ್ದರಿಂದ ಕೆರೆಗಷ್ಟೇ.

ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡು ಕರಾವಳಿಯಲ್ಲಿ ಈಗ ಬಲು ಜೋರು. ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಕಲಿಸುತ್ತಾರೆ, ಸಸಿಹಿತ್ಲು ಕಡಲತೀರದಲ್ಲಿ 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೂ ಆಯಿತು. ನಮ್ಮ ಕಡೆ ಗಾಳಿಯನ್ನು ನೆನಪಿಡಿ. ಮುಂಗಾರಿನ ತಿಂಗಳುಗಳಲ್ಲಿ ಬೀಸುವ ಗಾಳಿಗೆ ನಿಂತ ಮಗು ಹಾಯಿಯೇ ಆಗಿಬಿಡುತ್ತದೆ, ಬೋರ್ಡು ಆಚೆ ದಂಡೆಗೆ ಹೋಗಿ ನಿಲ್ಲುತ್ತದೆ. ಇನ್ನೊಂದು ಮಾತು. ಬೋರ್ಡಿನ ಹಗ್ಗವನ್ನು ಕಾಲಿಗೆ ಕಟ್ಟಿಕೊಳ್ಳುವುದು ಕಡಲಿಗೆ ಸರಿ, ಹರಿಯುವ ಹೊಳೆಗೆ ಅಪಾಯ. ಬಂಡೆಯ ಸಂದಿಗೆ ಹಗ್ಗ ಸಿಕ್ಕಿದರೆ ಸೆಳೆತದಲ್ಲಿ ಕಾಲಿಗೆ ಕೈ ಎಟುಕುವುದಿಲ್ಲ. ಒಂದೇ ಎಳೆತಕ್ಕೆ ಬಿಚ್ಚುವ ಸೊಂಟದ ಪಟ್ಟಿ ಬೇಕು.

ಗಾಳಿ ತುಂಬುವವುಗಳ ದೊಡ್ಡ ಪ್ರಶ್ನೆ ಒತ್ತಡ. ಬೆಳಿಗ್ಗೆ 25 ಡಿಗ್ರಿಯಲ್ಲಿ 10 ಪಿಎಸ್‌ಐ ತುಂಬಿದ ಬೋರ್ಡನ್ನು ದಂಡೆಯ ಬಂಡೆ ಮೇಲೆ ಬಿಟ್ಟು ತಿಂಡಿಗೆ ಹೋದಿರಿ ಅಂದುಕೊಳ್ಳಿ. ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ಒತ್ತಡ ಸುಮಾರು 13ಕ್ಕೆ ಏರುತ್ತದೆ. ಹೊಲಿಗೆ ಬಿಡುವುದು ಹೀಗೆ. ನೀರಿಂದ ಮೇಲೆ ತಂದ ಕೂಡಲೇ ಒಂದಿಷ್ಟು ಗಾಳಿ ಬಿಡಿ, ನೆರಳಿಗೆ ಎಳೆಯಿರಿ. ಮನೆಯಲ್ಲಿ ಪೂರ್ತಿ ಒಣಗಿಸಿಯೇ ಮಡಚಿ. ಭತ್ತದ ಚೀಲಗಳ ಪಕ್ಕ ಮಾತ್ರ ಇಡಬೇಡಿ. ನಮ್ಮದು ಭತ್ತದ ನಾಡು, ಇಲಿಗೆ ಭತ್ತವೂ ಬೇಕು, ರಬ್ಬರೂ ಬೇಕು. ಮದುವೆಯಲ್ಲಿ ಕೊಟ್ಟ ತಗಡಿನ ಟ್ರಂಕು ಅಟ್ಟದ ಮೇಲಿದ್ದರೆ ಇಳಿಸಿ, ಅದಕ್ಕೆ ಒಂದು ಕೆಲಸ ಬಂತು.

ಎಲ್ಲಿ ಇಡುವುದು?

ಇದನ್ನೇ ನಾನು ಮೊದಲು ಯೋಚಿಸಬೇಕಿತ್ತು.

ಮಾಳಿಗೆಯ ಮೇಲೆ ಅಂತ ಎಲ್ಲರೂ ಹೇಳುತ್ತಾರೆ. ಬೇಡ. ನೀರಿನ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿ, ಉತ್ತರ ಸಿಗುತ್ತದೆ. ನೀಲಿ ತಾಡಪತ್ರಿ ಸುತ್ತಿದರೆ ಇನ್ನೂ ಕೆಟ್ಟದ್ದು, ಒಳಗೆ ಬೇಯುತ್ತದೆ. 25 ಕೆಜಿ ಭಾರವನ್ನು ಮೆಟ್ಟಿಲಲ್ಲಿ ಹತ್ತಿಸಿ ಇಳಿಸುವವರು ಯಾರು? ಎರಡನೇ ವಾರಕ್ಕೆ ಉತ್ಸಾಹ ಮುಗಿಯುತ್ತದೆ.

ಗೋಡೆಗೆ ಕಬ್ಬಿಣದ ಚಾಚುಗೋಲು ಹಾಕಿ ತೂಗುಹಾಕುವುದು ಸಿಮೆಂಟ್ ಗಾರೆಯ ಮನೆಗಳಿಗೆ ಒಳ್ಳೆಯದು. ನಮ್ಮದು ಕಲ್ಲು, ಮಣ್ಣಿನ ಎರಡಡಿ ಗೋಡೆ, ಮೇಲೆ ಮಾತ್ರ ಸಿಮೆಂಟು ಗಿಲಾವು. ನೋಡಲು ಕೋಟೆ, ಒಳಗೆ ಕೆಮ್ಮಣ್ಣು. ಡ್ರಿಲ್ ಹಿಡಿದು ಬಂದ ಹುಡುಗನಿಗೆ ನಾವು ಅದನ್ನು ಹೇಳಲೇ ಇಲ್ಲ. ನಾಲ್ಕು ಬೋಲ್ಟ್ ಹೊಡೆದ, ಎಳೆದು ನೋಡಿದ, ಗಟ್ಟಿ ಅಂದ. ಒಂಬತ್ತನೇ ದಿನ ನಸುಕಿನಲ್ಲಿ ಧಡಾರ್ ಅಂತ ಸದ್ದು. ಎದ್ದು ನೋಡಿದರೆ ಬೋಲ್ಟಿನ ಜತೆ ರೊಟ್ಟಿಯಷ್ಟು ಅಗಲದ ಗಿಲಾವು ಕಿತ್ತು ಬಂದಿದೆ, ಅಕ್ಕನ ಮನೆಯಿಂದ ನೋಡಲಿಕ್ಕೆ ಅಂತ ತಂದಿದ್ದ ಕಯಾಕ್ ಸ್ಕೂಟರಿನ ಮೇಲೆ ಮಲಗಿದೆ. ಕಯಾಕಿಗೆ ಏನೂ ಆಗಿರಲಿಲ್ಲ. ಸ್ಕೂಟರಿನ ಕನ್ನಡಿ ಹೋಯಿತು. ಮಣ್ಣಿನ ಗೋಡೆಯಾದರೆ ಬೋಲ್ಟನ್ನು ನಂಬಬೇಡಿ, ನೆಲದಿಂದ ಎದ್ದ ಕಂಬವನ್ನು ನಂಬಿ.

ಹಿತ್ತಲಲ್ಲಿ ಚಪ್ಪರ ಹಾಕುವುದಾದರೆ ಯಾವ ಗೋಡೆಗೆ? ಪಡುವಣ ಗೋಡೆ ಬೇಡವೇ ಬೇಡ, ಸಂಜೆಯ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ಉತ್ತರದ ಗೋಡೆ ತಂಪು ಅನ್ನುತ್ತಾರೆ. ವರ್ಷದ ಹೆಚ್ಚಿನ ಭಾಗ ನಿಜ. ಆದರೆ ನಮ್ಮ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಬಿಸಿಲು ಉರಿಯುವ ಮೇ ತಿಂಗಳಲ್ಲೇ ಉತ್ತರದ ಗೋಡೆಗೆ ನೆರಳಿಲ್ಲ. ಹಾಗಾಗಿ ಚಪ್ಪರದ ಮೇಲ್ಛಾವಣಿ ಚೆನ್ನಾಗಿ ಮುಂಚಾಚಿರಬೇಕು.

ಹೊದಿಕೆಗೆ ತಗಡು ಹಾಕಿದರೆ ಕೆಳಗೆ ಒಲೆಯಂತೆ ಕಾಯುತ್ತದೆ, ದೋಣಿಗೂ ತಗಡಿಗೂ ನಡುವೆ ಎರಡಡಿಯಾದರೂ ಗಾಳಿ ಆಡಲು ಬಿಡಿ. ಸಿಮೆಂಟ್ ಶೀಟು ಕಾಯುವುದು ಕಡಿಮೆ, ಆದರೆ ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಮನೆಯಲ್ಲಿ ಕೊಯ್ದು ಧೂಳು ಎಬ್ಬಿಸಬೇಡಿ. ನರ್ಸರಿಯವರು ಕಟ್ಟುವ ಹಸಿರು ನೆರಳುಬಲೆ ಅಗ್ಗ, ಗಾಳಿಯೂ ಆಡುತ್ತದೆ, ಹಳತಾದರೆ ಬದಲಾಯಿಸಬಹುದು. ನನ್ನ ಮೆಚ್ಚಿಗೆ ಮಾತ್ರ ತಗಡಿನ ಮೇಲೆ ಭತ್ತದ ಹುಲ್ಲು ಹೊದಿಸುವುದಕ್ಕೆ. ಸುಗ್ಗಿ ಮುಗಿದ ಮೇಲೆ ಹುಲ್ಲು ಹೇಗೂ ಸಿಗುತ್ತದೆ. ಬೆಂಕಿಯ ಭಯ ಇದೆ, ಒಲೆಯಿಂದ ದೂರ ಇರಲಿ.

ಇನ್ನು ಹಳೇ ಮನೆಯವರಿಗೆ ಒಂದು ವರ ಇದೆ: ದನ ಕಟ್ಟುವ ಅಂಕಣ. ತಲೆಬಾಗಿಲು ದಾಟಿದ ಕೂಡಲೇ, ಪಡಸಾಲೆಗಿಂತ ತಗ್ಗಿನಲ್ಲಿ, ಮೇವು ಹಾಕುವ ಗ್ವಾದಲಿ ಇರುವ ಜಾಗ. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಅಲ್ಲಿ ಹಳೇ ಸೈಕಲ್ಲು, ಗೊಬ್ಬರದ ಚೀಲ ಸೇರಿರುತ್ತವೆ. ಮೇಲೆ ಮಣ್ಣಿನ ಮಾಳಿಗೆ, ಮೇ ತಿಂಗಳಲ್ಲೂ ತಂಪು. ತೊಲೆಗಳು ಕಯಾಕಿನ ನಾಲ್ಕು ಪಟ್ಟು ಭಾರ ಹೊರುತ್ತವೆ. ತೊಲೆಗೆ ಎರಡು ಅಗಲದ ಪಟ್ಟಿ ಕಟ್ಟಿ ತೊಟ್ಟಿಲಿನ ಹಾಗೆ ತೂಗುಹಾಕಿ. ತೆಳು ಹಗ್ಗ ಬೇಡ, ಪ್ಲಾಸ್ಟಿಕ್ಕಿಗೆ ಗೆರೆ ಬೀಳುತ್ತದೆ.

ಇಲ್ಲಿಯೇ ಟೇಪಿನ ಮಾತು. ನಮ್ಮ ಮನೆಯಲ್ಲಿ ಕಂಬದಿಂದ ಕಂಬಕ್ಕೆ ಅಂಕಣ ಎಂಟೂವರೆ ಅಡಿ. ಹತ್ತಡಿಯ ಕಯಾಕ್ ಅಡ್ಡಕ್ಕೆ ಹಿಡಿಯುವುದಿಲ್ಲ. ಎರಡು ಅಂಕಣಕ್ಕೆ ಉದ್ದಕ್ಕೆ ತೂಗಿದರೆ ಪಡಸಾಲೆಯ ಮೆಟ್ಟಿಲು ಹತ್ತುವವರ ತಲೆಗೆ ತಾಗುತ್ತದೆ. ಕೊನೆಗೆ ಮಗಳಿಗೆ ಎಂಟಡಿಯದ್ದು ಹುಡುಕಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಅತ್ತೆ. ಅಂಕಣ ಇದ್ದಷ್ಟು ದೋಣಿ.

ಎಷ್ಟೇ ಆದರೂ ಜಾಕೆಟ್ಟು

ನೀರಲ್ಲಿ ತೇಲಿಸುವ ಜಾಕೆಟ್ಟಿನ ಹೋಲಿಕೆ ಚಿಕ್ಕದು. ಅದರ ತೇಲಿಸುವ ಬಲವನ್ನು ನ್ಯೂಟನ್ನಿನಲ್ಲಿ ಅಳೆಯುತ್ತಾರೆ. 50 ನ್ಯೂಟನ್ನಿನದ್ದು ಈಜು ಬರುವವರಿಗೆ ತೇಲಲು ಸಹಾಯ ಮಾಡುತ್ತದೆ, ಅಷ್ಟೇ. 100 ನ್ಯೂಟನ್ನಿನದ್ದು ಮುಖ ಮೇಲಾಗಿ ತೇಲಿಸಲೆಂದೇ ಮಾಡಿದ್ದು. ಈಜು ಬಾರದ ಮಗುವಿಗೆ ಮೊದಲನೆಯದು ಬೇಡ. ವಯಸ್ಸು ನೋಡಬೇಡಿ, ತೂಕ ನೋಡಿ. ಹಾಕಿಸಿ, ಪಟ್ಟಿ ಬಿಗಿದು, ಎರಡೂ ಭುಜ ಹಿಡಿದು ಮಗುವನ್ನು ಮೇಲೆತ್ತಿ. ಜಾಕೆಟ್ಟು ಕಿವಿಯವರೆಗೆ ಜಾರಿದರೆ ದೊಡ್ಡದು. ಸಣ್ಣ ಮಕ್ಕಳಿಗೆ ತೊಡೆಸಂದಿಯ ಪಟ್ಟಿ ಇರಲೇಬೇಕು. ಬಾಡಿಗೆ ಹರಿಗೋಲಿನಲ್ಲಿ ಕೊಡುವ ಜಾಕೆಟ್ಟಿನ ಕೊಂಡಿಗಳನ್ನು ಒಂದೊಂದಾಗಿ ಹಾಕಿ ನೋಡಿ. ಮುರಿದಿದ್ದರೆ ಬೇರೆ ಕೇಳಿ, ನಾಚಿಕೆ ಬೇಡ.

ಯಾವ ನೀರು?

ಕಲಿಯಲು ಕೆರೆ. ಅನುಭವ ಬಂದ ಮೇಲೆ, ದೊಡ್ಡವರ ಜತೆಗೆ, ನೀರು ಇಳಿದಾಗ ಹೊಳೆ. ಕಾಲುವೆ ಯಾವತ್ತೂ ಬೇಡ. ಎಡದಂಡೆ ಕಾಲುವೆ ನೋಡಲು ಸಮ, ಶಾಂತ. ಆದರೆ ಕಾಂಕ್ರೀಟಿನ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಬಿದ್ದವರು ಹತ್ತಲಾರರು, ಮುಂದೆ ಗೇಟು, ಧುಮುಕು.

ಹೊಳೆಯಲ್ಲಿ ಮೇಲಿನ ತುಂಗಭದ್ರಾ ಜಲಾಶಯವನ್ನು ಮರೆಯುವಂತಿಲ್ಲ. ಇಲ್ಲಿ ಮಳೆ ಹನಿಯದಿದ್ದರೂ ಅಲ್ಲಿ ನೀರು ಬಿಟ್ಟರೆ ಇಲ್ಲಿ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಹೊಳೆ ತುಂಬಿದಾಗ ಅಂಬಿಗರೇ ಹರಿಗೋಲು ಮಗುಚಿ ಹಾಕಿ ಮನೆಗೆ ಹೋಗುತ್ತಾರೆ, ನಾವು ಯಾವ ಲೆಕ್ಕ.

ಹೊಳೆಯಲ್ಲಿ ಮೊಸಳೆಗಳಿವೆ. ನೀರುನಾಯಿಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಲಾಗಿದೆ. ಸ್ವಂತ ದೋಣಿ ಇಳಿಸುವ ಮುಂಚೆ ಪಂಚಾಯಿತಿಯಲ್ಲಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ಅಂಬಿಗರನ್ನೂ ಕೇಳಿ, ಯಾವ ಮಡುವಿಗೆ ಹೋಗಬಾರದು ಅಂತ ಹೇಳುವವರು ಅವರೇ.

ಹಾಗಾದರೆ ಯಾರಿಗೆ ಯಾವುದು?

ಮಗು ಹತ್ತರ ಒಳಗಿದ್ದರೆ ಏನೂ ಕೊಳ್ಳಬೇಡಿ. ಜಾಕೆಟ್ಟು ಒಂದು ಕೊಂಡು, ಪರಿಚಯದ ಅಂಬಿಗರ ಹರಿಗೋಲಿನಲ್ಲಿ ಒಂದು ಚಳಿಗಾಲ ಕಳೆಯಿರಿ. ಹನ್ನೆರಡು ದಾಟಿದವರು, ಈಜು ಬರುವವರು, ಒಬ್ಬರೇ ಹೋಗುವ ಆಸೆಯವರು, ಮನೆಯಲ್ಲಿ ಎಂಟು-ಹತ್ತಡಿ ಗಟ್ಟಿ ನೆರಳಿದ್ದರೆ, ಮೇಲೆ ಕೂರುವ ಕಯಾಕ್ ತಗೊಳ್ಳಿ. ಬಾಡಿಗೆ ಮನೆಯವರಿಗೆ ಗಾಳಿಯದ್ದು. ಹಿತ್ತಲು ದೊಡ್ಡದಿದ್ದು ಮನೆಮಂದಿಯೆಲ್ಲ ಒಟ್ಟಿಗೆ ಹೋಗುವವರಾದರೆ ಬಿದಿರಿನ ಹರಿಗೋಲನ್ನು ಬಿಟ್ಟು ಬೇರೆ ನೋಡಲೇಬೇಡಿ, ಗೋಡೆಗೆ ಮಾತ್ರ ಒರಗಿಸಬೇಡಿ.

ಸ್ಪರ್ಧೆಯ ಕನಸಿರುವ ಮಕ್ಕಳೂ ಇರುತ್ತಾರೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್, ಸುನಿಲ್ ಸಿಂಗ್ ಸಲಾಂ ಜೋಡಿ ಕೆನೋಯಿಂಗ್ 1000 ಮೀಟರಿನಲ್ಲಿ ಕಂಚು ತಂದಿತು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರಾಚಿ ಯಾದವ್ ಹುಟ್ಟು ಹಾಕಿದರು. ಮಗಳು ಅವರ ಚಿತ್ರವನ್ನು ಗೋಡೆಗೆ ಅಂಟಿಸಿದ್ದಾಳೆ, ಸರಿಯಾಗಿ ಡಾಂಬರಿನ ಕಲೆಯ ಮೇಲೆ. ಆದರೆ ಸ್ಪರ್ಧೆಯ ಒಂಟಿ ಕಯಾಕ್ 5.2 ಮೀಟರ್, ಅಂದರೆ ಹದಿನೇಳು ಅಡಿ, ತೂಕ 12 ಕೆಜಿ. ಅದು ಬೇರೆಯೇ ಪ್ರಾಣಿ. ಮನೆಗೆ ತರಬೇಡಿ, ತರಬೇತಿ ಶಿಬಿರ ಹುಡುಕಿ ಮಗುವನ್ನೇ ಕಳಿಸಿ.

ಈಗ ಭಾನುವಾರ ಆರೂವರೆಗೆ ದೋಣಿ ಒಯ್ಯಲು ಟಂಟಂ ಆಟೊ ಬರುತ್ತದೆ. ಕಯಾಕ್ ಇಳಿಸುವ ಮುಂಚೆ ಮಾತ್ರ ಐದು ನಿಮಿಷ ಬೇಕು. ತೂಗುಹಾಕಿದ ಪಟ್ಟಿಯ ಉಳಿದ ತುದಿಗೆ ಅತ್ತೆ ಬೀಜಕ್ಕೆಂದು ಜೋಳದ ತೆನೆ ಕಟ್ಟಿದ್ದಾರೆ. ಮೊದಲು ಅದನ್ನು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ, ಆಮೇಲೆ ದೋಣಿ.